ಮೊದಲ ನಡೀಲಿ ಅಂದೆ

ಲಕ್ವಾ ಹೊಡದವರ ಮನಿಗೆ ಹೋದಾಗ ನಾ ಮೊದಲ ಮಾರಿ ನೋಡೂದಿಲ್ಲ, ಭುಜ ನೋಡ್ತೀನಿ. ಮಂದಿ ಬಂದಾರಂತ ಮಾರಿ ಹೆಂಗರೆ ಮಾಡಿ ನಗತದ, ಭುಜಕ್ಕ ಆ ನಾಟಕ ಬರೂದಿಲ್ಲ. ಪುಣೆದ ಮಗರಪಟ್ಟಾದಾಗ ಕಾಕಾ ಅವರನ್ನ ನೋಡಲಿಕ್ಕೆ ಹೋದ ದಿವಸ ಅವರ ಬಲಭುಜದ ಕೀಲು ಕೆಳಗ ಜಾರಿತ್ತು, ನಡುವ ಎರಡು ಬೆರಳು ಹಿಡಿಯೂವಷ್ಟು ಸಂದಿ. ಪಾದ ಮ್ಯಾಲೆತ್ತರಿ ಅಂದ್ರ ಏನೂ ಇಲ್ಲ. ಮೊಣಕಾಲು ಹಾಸಿಗಿ ಮ್ಯಾಲೆ ಜರಗತಿತ್ತು, ಎತ್ತಲಿಕ್ಕೆ ಬರ್ತಿರಲಿಲ್ಲ. ಬಾಯಿ ಎಡಕ್ಕ ಎಳದಿತ್ತು, ಮಾತು ತೊದಲತಿತ್ತು, ಆದ್ರ ತಿಳೀತಿತ್ತು.

ನಾ ಮನಿಮನಿಗೆ ಹೋಗಿ ಫಿಜಿಯೊಥೆರಪಿ ಮಾಡಸಾಕಿ. ಒಂದು ಸ್ಕೂಟರ್, ಒಂದು ಚೀಲ, ಇಷ್ಟ ನನ್ನ ದವಾಖಾನಿ. ಕಾಕಾ ನನಗ ರಕ್ತಸಂಬಂಧ ಅಲ್ಲ. ನಮ್ಮ ಕನ್ನಡ ಚರ್ಚಿನ ಹಿರೇರೊಳಗ ಒಬ್ಬರು, ಸಣ್ಣವರೆಲ್ಲಾ ಅವರಿಗೆ ಕಾಕಾ, ಅವರ ಹೆಂಡತಿಗೆ ಕಾಕು ಅಂತೀವಿ. ಗದಗ ಕಡಿಂದ ಪುಣೆಕ್ಕ ಬಂದು, ಕಾರ್ಖಾನ್ಯಾಗ ಫೋರ್ಮನ್ ಆಗಿ ರಿಟಾಯರ್ ಆದವರು. ಜೀವಮಾನೆಲ್ಲಾ ಮಂದಿಗೆ ಹುಕುಮ್ ಮಾಡಿದ ಮನಶ್ಯಾ, ಈಗ ತನ್ನ ಕಾಲಿಗೆ ಹುಕುಮ್ ಮಾಡಿದ್ರ ಅದು ಕೇಳವಲ್ಲದು.

ಮೊದಲಿನ ದಿನಾ ಎಲ್ಲಾ ವ್ಯರ್ಥ ಹೋದವು. ಸೊಂಟ ಎತ್ತರಿ ಅಂದ್ರ ಫ್ಯಾನ್ ನೋಡತಿದ್ರು. ಹಾಸಿಗಿ ಅಂಚಿಗೆ ಕೂಡಿಸಿ, ಬಲಗಡೆ ಭಾರಾ ಹಾಕರಿ ಅಂದ್ರ ಎಡಗಡೆ ವಾಲಿ ಕೂಡತಿದ್ರು. ಖರೇ ಹೇಳ್ತೀನಿ, ಸಿಟ್ಟ ಬರ್ತಿತ್ತು ನನಗ. ಲಕ್ವಾ ಹೊಡದ ಮ್ಯಾಲೆ ಮೊದಲಿನ ತಿಂಗಳು ಭಾಳ ಮಹತ್ವದ್ದು. ಮಿದುಳು ಹೊಸಾ ದಾರಿ ಹುಡುಕೂದು ಆವಾಗನ. ಅದನ್ನ ಹಿಂಗ ಕಳಕೊಂಡ್ರ ಆಮ್ಯಾಲೆ ದುಪ್ಪಟ್ಟು ದುಡಿಬೇಕಾಗ್ತದ.

"ಕಾಕಾ, ಮನಸ್ಸಿಲ್ಲಂದ್ರ ಹೇಳಿಬಿಡ್ರಿ. ನಾ ಬರೂದು ಬಿಡ್ತೀನಿ" ಅಂದೆ ಒಂದಿನ.

"ಮನಸ್ಸದ ತಂಗೀ. ಹಕ್ಕಿಲ್ಲ" ಅಂದ್ರು. "ಈ ಬಾಯಿಲೆ ಮಾಡಿದ್ದು. ಬಾಯೇ ಸೊಟ್ಟ ಆತು. ದೇವರು ಕೊಟ್ಟಿದ್ದನ್ನ ನೀ ಹೆಂಗ ತಗೀತಿ?"

"ಬಿಪಿ ಗುಳಿಗಿ ಬಿಟ್ಟಿದ್ರಿ, ಮಿದುಳಿನ ನಾಳದಾಗ ರಕ್ತ ಗಡ್ಡಿ ಕಟ್ಟಿತು. ದೇವರ ತಲಿಗೆ ಯಾಕ ಕಟ್ತೀರಿ?"

ಅವರು ನಗಲಿಲ್ಲ. ಕಾಕು ಅಡಗಿಮನಿಂದ ಎದ್ದು ಬಂದು ಬಾಗಲದಾಗ ನಿಂತ್ರು. ಆವಾಗ ಹೊರಗ ಬಂತು, ನಮ್ಮ ಚರ್ಚಿನ್ಯಾಗ ಎಲ್ಲಾರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಆಡದ ಮಾತು.

ನಮ್ಮೊಳಗ ಮದುವಿ ಮುಂಚೆ ಮೂರು ರವಿವಾರ ಚರ್ಚಿನ್ಯಾಗ ಜೋಡಿ ಹೆಸರು ಓದತಾರ. ಯಾರದರೆ ತಕರಾರಿದ್ರ ಹೇಳ್ರಿ ಅಂತ ಪಾಸ್ಟರ್ ಕೇಳ್ತಾರ. ಕೇಳೂದು ಪದ್ಧತಿ, ಸುಮ್ಮ ಕೂಡೂದೂ ಪದ್ಧತಿ. ಕಾಕಾ ಅವರ ಸ್ವಂತ ತಮ್ಮನ ಮಗಳ ಹೆಸರು ಓದಿದಾಗ ಕಾಕಾ ಎದ್ದು ನಿಂತಿದ್ರು. ಹುಡುಗ ನಮ್ಮವ ಅಲ್ಲ, ಮದುವಿ ಸಲುವಾಗಿ ದೀಕ್ಷಾಸ್ನಾನ ತಗೊಂಡಾನ, ಅವನ ವಿಶ್ವಾಸ ಖರೇದಲ್ಲ, ನನ್ನ ತಕರಾರದ ಅಂದಿದ್ರು. ಆ ಹುಡುಗಿ ಮೊದಲನೇ ಸಾಲಿನ್ಯಾಗ ಕೂತಿದ್ದಳು. ಮದುವಿ ಚರ್ಚಿನ್ಯಾಗ ಆಗಲಿಲ್ಲ, ಸರಕಾರಿ ಆಫೀಸಿಗೆ ಹೋಗಿ ರಜಿಸ್ಟರ್ ಮಾಡಿಸ್ಕೊಂಡ್ರು. ಆಕಿ ಮತ್ತ ಆ ಚರ್ಚಿನ ಮೆಟ್ಟಲಾ ಹತ್ತಲಿಲ್ಲ.

ತಮ್ಮ ಮಾತ್ರ ಚರ್ಚು ಬಿಡಲಿಲ್ಲ. ಅಣ್ಣ ಬಲಕ್ಕ ಕೂತ್ರ ತಮ್ಮ ಎಡಕ್ಕ. ಯಾರ ಮ್ಯಾಲೆರೆ ಮನಸಿನ್ಯಾಗ ಕಹಿ ಇಟಗೊಂಡು ಕರ್ತನ ಭೋಜನಕ್ಕ ಹೋಗಬಾರದು ಅಂತ ನಮ್ಮಲ್ಲೆ ನಂಬಿಗಿ. ಹಿಂಗಾಗಿ ತಿಂಗಳಾ ಮೊದಲನೇ ರವಿವಾರ ಎಲ್ಲಾರೂ ಎದ್ದು ವೇದಿ ಮುಂದ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತಗೊಂಡ್ರ, ಅಣ್ಣ ಇಲ್ಲೆ, ತಮ್ಮ ಅಲ್ಲೆ, ಅವರವರ ಬಾಕಿನ ಮ್ಯಾಲೆ ಕೂತ ಇರ್ತಿದ್ರು. ವರ್ಷಾನುಗಟ್ಟಲೆ ನೋಡಿ ನೋಡಿ ನಮಗೆಲ್ಲಾ ರೂಢಿ ಆಗಿತ್ತು. ರೂಢಿ ಅನ್ನೂದು ಕೆಟ್ಟ ವಸ್ತು.

"ಆ ಹುಡುಗನ ವಿಶ್ವಾಸ ನನಗೇನ ಗೊತ್ತಿತ್ತು?" ಅಂದ್ರು ಕಾಕಾ. "ನನ್ನ ಒಂದು ಮಾತ ಕೇಳದ ತಮ್ಮ ಮದುವಿ ಗೊತ್ತ ಮಾಡಿದ್ದ. ಆ ಸಿಟ್ಟು. ಆ ಸಿಟ್ಟಿಗೆ ದೇವರ ಅಂಗಿ ತೊಡಿಸಿ ನಿಲ್ಲಿಸಿದೆ."

ನನ್ನ ಕಸಬಿನ ಬುದ್ಧಿ ಎಲ್ಲಿ ಬಿಡ್ತದ? ರೋಗಿಗೆ ಒಂದು ಗುರಿ ಬೇಕು ಅಂತ ನಮಗ ಕಲಿಸಿರ್ತಾರ. ಕೆಲವರಿಗೆ ತಾವ ಪಾಯಖಾನಿಗೆ ಹೋಗೂದು ಗುರಿ, ಕೆಲವರಿಗೆ ಮೊಮ್ಮಗನ್ನ ಎತ್ತಗೊಳ್ಳೂದು. ಕಾಕಾನ ಗುರಿ ನನ್ನ ಕೈಗೆ ಸಿಕ್ಕಿತ್ತು.

"ಚರ್ಚಿಗೆ ನಡಕೋತ ಹೋಗಿ, ತಮ್ಮನ ಬಾಜೂಕ ಮೊಣಕಾಲೂರಿ ಕ್ಷಮಾ ಕೇಳ್ರಿ. ನಾ ತಯಾರ ಮಾಡ್ತೀನಿ. ಮಾಡೋಣೇನು?"

"ಎಲ್ಲಾರ ಮುಂದ ಮಾಡಿದ್ದು, ಎಲ್ಲಾರ ಮುಂದ ಕೇಳಬೇಕು" ಅಂದ್ರು. ಮರುದಿನ ಸೊಂಟ ಎತ್ತಿದ್ರು.

ಅಲ್ಲಿಂದ ಮುಂದ ಕೆಲಸ ಅಂದ್ರ ಕೆಲಸ. ಜಾರಿದ ಭುಜಕ್ಕ ಪಟ್ಟಿ ಕಟ್ಟಿದೆ, ಕೈ ಹಿಡದು ಎಳೀಬ್ಯಾಡ್ರಿ ಅಂತ ಮನಿಮಂದಿಗೆ ನೂರ ಸಲ ಹೇಳಿದೆ. ಹಾಸಿಗಿ ಎತ್ತರ ಸರಿ ಮಾಡಿ, ಪಾದ ಹಿಂದಕ್ಕ ತಗೊಂಡು, ಮೂಗು ಮುಂದ ತಂದು ಏಳೂದು ಕಲಿಸಿದೆ. ಅಡಗಿಮನಿ ಕಟ್ಟಿ ಹಿಡಕೊಂಡು ನಿಂದ್ರೂದು, ಒಂದು ಕಾಲಿಂದ ಇನ್ನೊಂದಕ್ಕ ಭಾರಾ ಬದಲಸೂದು. ಪಾದ ನೆಲಕ್ಕ ತೊಡಕಬಾರದಂತ ಪ್ಲಾಸ್ಟಿಕ್ಕಿನ ಪಟ್ಟಿ ಅಳತಿ ಕೊಟ್ಟು ಮಾಡಿಸಿ ಬೂಟಿನೊಳಗ ಹಾಕಿಸಿದೆ. ಎಡಗೈಯಾಗ ನಾಕು ಕಾಲಿನ ಕೋಲು. ಕಾಕಾ ನನಗ ಮಾಸ್ತರಬಾಯಿ ಅಂತ ಹೆಸರಿಟ್ರು.

ಒಂದಿನ ಟೇಪ್ ತಗೊಂಡು ಚರ್ಚಿಗೆ ಹೋಗಿ ವೇದಿ ಮುಂದಿನ ಎರಡು ಮೆಟ್ಟಲಾ, ಮೊಣಕಾಲೂರೂ ಜಾಗಾ, ಹಿಡಕೊಳ್ಳೂ ಕಟ್ಟಿಗಿ ಕಟಾಂಜನ ಎಲ್ಲಾ ಅಳಕೊಂಡು ಬಂದೆ. ಮನ್ಯಾಗ ದಿವಾನದ ಅಂಚು ಅಷ್ಟ ಎತ್ತರ ಬರೂಹಂಗ ಗಾದಿ ಹೊಂದಿಸಿದೆ. ಲಕ್ವಾ ಹೊಡದವರಿಗೆ ನಡಸೂದಕ್ಕಿಂತ ಮೊಣಕಾಲೂರಿಸಿ ಎಬ್ಬಸೂದು ಕಠಿಣ. ಊರೂವಾಗ ಕೆಟ್ಟ ಮೊಣಕಾಲು ಮೊದಲ, ಏಳೂವಾಗ ಚಲೋ ಪಾದ ಮುಂದ. ಮೆಟ್ಟಲಾದ್ದೂ ಲೆಕ್ಕ ಅದ: ಹತ್ತೂವಾಗ ಚಲೋ ಕಾಲು, ಇಳಿಯೂವಾಗ ಕೆಟ್ಟ ಕಾಲು. "ಚಲೋದು ಸ್ವರ್ಗಕ್ಕ, ಕೆಟ್ಟದ್ದು ನರಕಕ್ಕ, ಹಂಗ ನೆನಪಿಡ್ರಿ" ಅಂತ ನಾ ಎಲ್ಲಾ ರೋಗಿಗೂ ಹೇಳೂದು.

"ಹಂಗಾದ್ರ ಇಳಿಯೂದ ಮೊದಲ ಕಲಸು ಮಾಸ್ತರಬಾಯಿ, ಅದ ನನಗ ಉಪಯೋಗ ಬೀಳೂದು" ಅಂದ್ರು. ಕಾಕು ಅಡಗಿಮನ್ಯಾಗ ಸಟ್ಟಗಾ ಹಿಡಕೊಂಡ ನಕ್ಕರು. ಎಷ್ಟೋ ದಿವಸದ ಮ್ಯಾಲೆ ಆ ಮನ್ಯಾಗ ನಗಿ ಕೇಳಿದ್ದು.

ಕ್ರಿಸ್‌ಮಸ್ ಹತ್ತರ ಬಂದಿತ್ತು. ಒಂದು ರವಿವಾರ ಪ್ರಾರ್ಥನಾ ಮುಗದು ಹೊರಗ ಚಹಾ ಕುಡಿಯೂವಾಗ, ಕಾಕಾನ ತಮ್ಮನ ಹೆಂಡತಿ ನನ್ನ ಕೈ ಹಿಡದು ಬಾಜೂಕ ಕರಕೊಂಡ ಹೋದ್ರು. ಮೆತ್ತಗಿನ ಹೆಣಮಗಳು, ಧ್ವನಿ ಎತ್ತಿ ಮಾತಾಡಿದ್ದ ನಾ ಕೇಳಿಲ್ಲ.

"ಭಾವಾರು ಬರ್ತಾರಂತ ಕೇಳೇನ್ರಿ. ಖರೇ ಏನು?"

"ಬರ್ತಾರ್ರಿ. ನಡಕೋತ ಬರ್ತಾರ."

"ನಡದು ಬರಲಿ, ಹೆಂಗರೆ ಬರಲಿ. ಒಂದೀಟು ಲಗೂ ಕರಕೊಂಡ ಬರ್ರೆಲಾ. ನಮ್ಮವರಿಗೆ ಇತ್ತೀಚಿಗೆ ಮರವು ಭಾಳ ಆಗೇದ." ಅಷ್ಟ ಹೇಳಿ ಆಕಿ ಅತ್ತಾಗ ಇತ್ತಾಗ ನೋಡಿ ನನ್ನ ಕೈ ಬಿಟ್ರು.

ವಯಸ್ಸಾದವರಿಗೆ ಮರವು ಯಾರಿಗಿಲ್ಲ? ನಾನೂ ಸ್ಕೂಟರಿನ ಕೀಲಿ ದಿನಾ ಹುಡುಕತೀನಿ. ಹಂಗಂತ ಅನಕೊಂಡು ತಲ್ಯಾಗಿಂದ ತಗದೆ. ಆದ್ರ ಕಾಕು ಮುಂದ ಆ ಮಾತು ಹೇಳಿದೆ. ಕಾಕು ಹಿಂದಮುಂದ ನೋಡಲಿಲ್ಲ. "ಹಂಗಾದ್ರ ಈ ರವಿವಾರ ಗಾಲಿ ಕುರ್ಚಿ ಮ್ಯಾಲೆ ಹೋಗೋಣ. ಲಿಫ್ಟ್ ಅದ, ಮಗ ಗಾಡಿ ತರ್ತಾನ, ಚರ್ಚಿಗೂ ಇಳಿಜಾರಿನ ದಾರಿ ಅದ. ಏನು ಅಡ್ಡಿ?"

"ಬ್ಯಾಡ" ಅಂದ್ರು ಕಾಕಾ. "ಕುರ್ಚಿ ಮ್ಯಾಲೆ ಕೂತು ಕೇಳಿದ್ರ ಅಂವಾ ಕನಿಕರಕ್ಕ ಕ್ಷಮಾ ಕೊಡ್ತಾನ. ನಾ ಎದ್ದು ನಿಂತು ತಕರಾರು ಹೇಳಿದ್ದು. ಎದ್ದು ನಿಂತ ಕೇಳ್ತೀನಿ."

ಇಬ್ಬರೂ ನನ್ನ ಕಡೆ ನೋಡಿದ್ರು. ಆ ನೋಟ ಇವತ್ತಿಗೂ ನನ್ನ ಕಣ್ಣ ಮುಂದ ಅದ. ನಾ ಹೂಂ ಅಂದಿದ್ರ ಕುರ್ಚಿ ಹೊರಗ ಬರ್ತಿತ್ತು. ಕಾಕಾ ನಾಕು ಬೈದು, ಹೋಗತಿದ್ರು. ಆದ್ರ ನನಗ ನನ್ನದ ಒಂದು ಅಂಜಿಕಿ ಇತ್ತು. ಆ ಗುರಿ ಮ್ಯಾಲೆ ಈ ಮನಶ್ಯಾ ಎದ್ದು ನಿಂತಾನ. ಅದನ್ನ ಕುರ್ಚಿ ಮ್ಯಾಲೆ ಕೂಡಿಸಿ ಕೊಟ್ಟುಬಿಟ್ರ ನಾಳೆ ವ್ಯಾಯಾಮ ಮಾಡ್ತಾನೋ ಇಲ್ಲೋ? ಹಂಗ ಕೈಬಿಟ್ಟ ರೋಗಿಗಳನ್ನ ನಾ ನೋಡೇನಿ. ಕಸಬಿನ ದೃಷ್ಟೀಲೆ ನನ್ನ ವಿಚಾರ ತಪ್ಪಲ್ಲ. ಮತ್ತ ಅವರು ನಡಕೋತ ಬರೂದನ್ನ ಇಡೀ ಚರ್ಚು ನೋಡಬೇಕು ಅನ್ನೂ ಆಸೇನೂ ನನಗಿತ್ತು. ಇಲ್ಲ ಅಂದ್ರ ಸುಳ್ಳಾಗ್ತದ.

"ಇನ್ನೊಂದೀಟು ತಡೀರಿ ಕಾಕು. ಮೊದಲ ನಡೀಲಿ" ಅಂದೆ.

ಹೊಸ ವರ್ಷದಾಗ ಚರ್ಚಿನ ಪ್ರಾರ್ಥನಾ ಗುಂಪು ಮನಿಗೆ ಬಂತು. ಕಾಕಾನ ಹಣಿಗೆ ಎಣ್ಣಿ ಹಚ್ಚಿ, ಸುತ್ತ ನಿಂತು, ಎಲ್ಲಾರೂ ಒಮ್ಮೆಲೆ ಗಟ್ಟಿ ಧ್ವನೀಲೆ ಪ್ರಾರ್ಥನಾ ಮಾಡಿದ್ರು. ನಾ ಮೂಲ್ಯಾಗ ನಿಂತಿದ್ದೆ. ಲಕ್ವಾ ಹೊಡದವನ್ನ ನಾಕು ಮಂದಿ ಗೆಳ್ಯಾರು ಹಾಸಿಗಿ ಸಮೇತ ಹೊತಗೊಂಡು ಬಂದು, ಗದ್ದಲಕ್ಕ ಒಳಗ ಹೋಗಲಿಕ್ಕೆ ಬರದ, ಮಾಳಿಗಿ ಬಿಚ್ಚಿ ಯೇಸುವಿನ ಮುಂದ ಇಳಿಸಿದ ಕಥಿ ಓದಿದ್ರು. ಕೊನಿಗೆ ಅಂವಾ ತನ್ನ ಹಾಸಿಗಿ ತಾನ ಎತ್ತಗೊಂಡು ನಡದು ಹೋಗ್ತಾನಲ್ಲ, ಅಲ್ಲಿ ಎಲ್ಲಾರೂ ಆಮೆನ್ ಅಂದ್ರು. ನಾನೂ ಅಂದೆ. ನಾ ನಂಬೂದಿಲ್ಲ ಅಂತಲ್ಲ. ದೇವರು ಮನಸ್ಸು ಮಾಡಿದ್ರ ಏನಾಗೂದಿಲ್ಲ? ಆದ್ರ ಪ್ಲಾಸ್ಟಿಕ್ಕಿನ ಪಟ್ಟಿ ಹಾಕ್ಕೊಂಡ್ರ ದೇವರಿಗೇನೂ ಅವಮಾನ ಆಗೂದಿಲ್ಲ.

ಮರುದಿನ ಮುಂಜಾನೆ, ಕಾಕು ಜಳಕಕ್ಕ ಹೋದಾಗ, ಕಾಕಾ ಪಾದದ ಪಟ್ಟಿನೂ ಇಲ್ಲ ಕೋಲೂ ಇಲ್ಲ ಎದ್ದು ನಿಂತ್ರು. ಎರಡು ಹೆಜ್ಜಿ ಇಟ್ರಂತ. ಮೂರನೇದಕ್ಕ ಪಾದ ತೊಡಕಿ ಬಲಕ್ಕ ಬಿದ್ರು. ಎಲುಬು ಮುರೀಲಿಲ್ಲ, ಅದು ಪುಣ್ಯಾ. ಆದ್ರ ಜಾರಿದ ಭುಜ ಉರಿ ಹತ್ತಿತು, ಹಿಮ್ಮಡಾ ಬಾತಿತು. ನಾ ಹೋದಾಗ ಕಣ್ಣ ತಪ್ಪಿಸಿದ್ರು. "ನನ್ನ ವಿಶ್ವಾಸ ಕಡಿಮಿ ಬಿತ್ತು ನೋಡು" ಅಂದ್ರು.

"ವಿಶ್ವಾಸ ಅಲ್ಲ ಕಾಕಾ, ಪಾದ ಎತ್ತೂ ಸ್ನಾಯು ಕಡಿಮಿ ಬಿತ್ತು" ಅಂದೆ. ಬರ್ಫು ಇಟ್ಟೆ, ಮತ್ತ ಹಾಸಿಗಿಂದ ಶುರು ಮಾಡಿದೆ. ಚಳಿಗಾಲೆಲ್ಲಾ ಅದರಾಗ ಹೋತು. ಆ ದಿನಗಳೊಳಗೂ ಕಾಕು ಒಮ್ಮೆ ಕುರ್ಚಿ ಮಾತು ತಗದ್ರು. ಈ ಸಲ ನಾ ಕೇಳಿಸಿಕೊಂಡೂ ಕೇಳಿಸಲಾರದಂಗ ಭುಜದ ಪಟ್ಟಿ ಬಿಗದೆ. ಈಸ್ಟರಿಗೆ ಆಗೇ ಆಗ್ತದ ಅಂತ ನನಗ ಖಾತ್ರಿ ಇತ್ತು.

ಈಸ್ಟರಿಗೆ ಆತು. ಬಿಳೀ ಅಂಗಿ ಹಾಕ್ಕೊಂಡು ಕಾಕಾ ಗಾಡಿಯಿಂದ ಇಳದು, ಬಾಗಲದಿಂದ ವೇದಿ ತನಕಾ ನಡದ್ರು. ಕೋಲು, ಕೆಟ್ಟ ಕಾಲು, ಚಲೋ ಕಾಲು. ನಾ ಹಿಂದ, ಅವರ ಸೊಂಟದ ಪಟ್ಟಿ ಹಿಡಕೊಂಡು. ಹಾಡು ನಡುವ ನಿಂತುಬಿಟ್ಟಿತು, ಆರ್ಗನ್ ಒಂದ ನುಡೀಲಿಕ್ಕತ್ತಿತ್ತು. ಎರಡು ಮೆಟ್ಟಲಾ ಹತ್ತಿದ್ರು. ಕಟಾಂಜನಕ್ಕ ಎಡಗೈ ಇಟ್ಟು, ಬಲ ಮೊಣಕಾಲು ಊರಿದ್ರು, ಆಮ್ಯಾಲೆ ಎಡದ್ದು. ನಾ ಕಲಿಸಿದಂಗ, ಒಂದೂ ತಪ್ಪಿಲ್ಲ. ನನ್ನ ಎದಿ ಉಬ್ಬಿತ್ತು, ಯಾಕ ಮುಚ್ಚಿಡಲಿ?

ಅಷ್ಟರಾಗ ಎಡಗಡೆ ಬಾಕಿನಿಂದ ತಮ್ಮ ಎದ್ರು. ಯಾರೂ ಕರೆದಿರಲಿಲ್ಲ. ನೆಟ್ಟಗ ನಡದು ಬಂದು ಅಣ್ಣನ ಬಾಜೂಕ ಮೊಣಕಾಲೂರಿದ್ರು. ಹಿಂದ ಹೆಂಗಸ್ರು ಅಳೂದು ಕೇಳತಿತ್ತು. ನಾ ಇಬ್ಬರ ಬೆನ್ನ ಹಿಂದನ ಇದ್ದೆ, ಹಿಂಗಾಗಿ ಮುಂದಿನ ಮಾತು ಕೇಳಿದ್ದು ನಾ ಒಬ್ಬಾಕಿ.

"ತಮ್ಮಾ" ಅಂದ್ರು ಕಾಕಾ. "ನನ್ನ ಕ್ಷಮಿಸು."

ತಮ್ಮ ಹೊರಳಿ ನೋಡಿ ನಕ್ಕರು. ಸಣ್ಣ ಹುಡುಗರ ನಗಿ. "ಯಾಕೋ ಅಣ್ಣಾ? ನೀ ಏನ ಮಾಡಿದಿ?"

ತಮ್ಮ ಅತ್ತಾಗ ಇತ್ತಾಗ ನೋಡಿ, ಪಿಸುಮಾತಿನ್ಯಾಗ ಕೇಳಿದ್ರು: "ಅಪ್ಪಾ ಎಲ್ಲಿ ಅದಾನ? ಅಂವಾ ಬರಲಿಲ್ಲೇನು?"

ಅವರ ಅಪ್ಪ ಮಣ್ಣಾಗಿ ಎಷ್ಟೋ ವರ್ಷ ಆಗೇದ.

ಹಿಂದಿನ ಸಾಲಿನ್ಯಾಗ ತಮ್ಮನ ಹೆಂಡತಿ ಸೆರಗು ಬಾಯಾಗ ಇಟಗೊಂಡು ಕೂತಿದ್ರು. ನಮ್ಮ ಕಡೆ ನೋಡತಿದ್ರು, ಆದ್ರ ನೋಟದಾಗ ಸಿಟ್ಟಿರಲಿಲ್ಲ. ಇದ್ದಿದ್ರ ಚಲೋ ಇತ್ತು. ರೊಟ್ಟಿ ಬಂತು, ಬಟ್ಟಲಾ ಬಂತು. ಇಬ್ಬರೂ ತಗೊಂಡ್ರು. ಆಮ್ಯಾಲೆ ಏಳೂ ಹೊತ್ತಿಗೆ ಕಾಕಾ ಯಾವ ಪಾದ ಮುಂದ ಇಡಬೇಕು ಅನ್ನೂದ ಮರತ್ರು. ಅಷ್ಟು ತಿಂಗಳಾ ಕಲಿಸಿದ್ದು. ನಾ ಬಗಲಾಗ ಕೈ ಹಾಕಿ ಎತ್ತಿ ನಿಲ್ಲಿಸಿದೆ.

ಹೊರಗ ಬಂದ ಮ್ಯಾಲೆ ಜನಾ ಮುತ್ತಿಗಿ ಹಾಕಿದ್ರು. ದೇವರು ಒಂದ ದಿನಾ ಎರಡು ಅದ್ಭುತ ಮಾಡ್ಯಾನ ಅಂದ್ರು ಪಾಸ್ಟರ್. ಕಾಲೂ ಕೊಟ್ಟಾ, ತಮ್ಮನ್ನೂ ಕೊಟ್ಟಾ. ಮುಂದಿನ ರವಿವಾರ ನಿಂತು ಈ ಅದ್ಭುತದ ಸಾಕ್ಷಿ ಹೇಳಬೇಕು ಅಂತ ಕಾಕಾನ ಕೈ ಹಿಡಕೊಂಡ್ರು. ಆ ಸಾಕ್ಷಿ ಇವತ್ತಿನ ತನಕಾ ಹೇಳಿಲ್ಲ.

ವಾಪಸ್ ಹೋಗೂವಾಗ ಕಾಕಾನ ಮಗ ಗಾಡಿ ನಡಸತಿದ್ದ, ನಾ ಹಿಂದ ಕಾಕು ಬಾಜೂಕ ಕೂತಿದ್ದೆ. ಹಡಪಸರ ದಾರ್ಯಾಗ ಗಾಡಿ ಗದ್ದಲಕ್ಕ ನಿಂತಿತು. ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. "ಕಾಕಾ, ಅವರಿಗೆ ಮದುವಿ ವಿಷಯಾ ನೆನಪ ಮಾಡಿಕೊಟ್ಟು ಕೇಳಬಹುದಿತ್ತೇನೋ" ಅಂದೆ.

"ಕೇಳಬಹುದಿತ್ತು" ಅಂದ್ರು. "ಅವಗ ಈಗ ಆ ನೋವ ಇಲ್ಲ. ನಾ ಅದನ್ನ ಮತ್ತ ಹಚ್ಚಿ, ಉರಿಸಿ, ಆಮ್ಯಾಲೆ ಕ್ಷಮಾ ಬೇಡಬೇಕು. ಅದು ನನ್ನ ಸಲುವಾಗಿ ಆಗ್ತದ. ಮೊದಲಿನ ಸಲಾನೂ ನನ್ನ ಸಲುವಾಗೇ ಎದ್ದು ನಿಂತಿದ್ದೆ."

ಗಾಡಿ ಒಂದೀಟು ಮುಂದ ಹೋಗಿ ಮತ್ತ ನಿಂತಿತು.

"ತಂಗೀ, ಆ ಮಾಳಿಗಿ ಬಿಚ್ಚಿ ಇಳಿಸಿದ ಮನಶ್ಯಾ, ಅಂವಾ ನಡಕೋತ ಬಂದಿದ್ದನೇನು?"

"ಇಲ್ಲ ಕಾಕಾ. ಹೊತಗೊಂಡ ಬಂದಿದ್ರು."

"ಯೇಸು ಮೊದಲ ಅವಗ ಏನ ಕೊಟ್ಟಾ?"

ನಮ್ಮಿಬ್ಬರಿಗೂ ಗೊತ್ತಿತ್ತು. ಕ್ಷಮಾ ಮೊದಲ, ಕಾಲು ಆಮ್ಯಾಲೆ. ಸಣ್ಣಂದಿನಿಂದ ಕೇಳಿದ ಕಥಿ. ಹಾಸಿಗಿ ಮ್ಯಾಲೆ ಮಲಗೇ ಅದನ್ನ ತಗೊಂಡಾಂವ ಅಂವಾ. ಕಾಕು ಕಿಡಕಿ ಕಡೆ ಮಾರಿ ತಿರಿವಿದ್ರು. ಕುರ್ಚಿ ಮಾತು ಆಕಿ ಎರಡು ಸಲ ಹೇಳಿದ್ರು, ಮೂರನೇ ಸಲ ಆಡಿ ತೋರಸಲಿಲ್ಲ. ನನಗ ಅದು ಇನ್ನೂ ಭಾಳ ಚುಚ್ಚಿತು.

ಯಾರದು ತಪ್ಪು ಅಂತ ನಾ ಅಳದು ನೋಡೇನಿ, ಟೇಪಿನ್ಯಾಗ ಸಿಗೂದಿಲ್ಲ. ನನ್ನ ಕೆಲಸ ನಾ ಚಲೋ ಮಾಡಿದೆ. ಕಾಕಾನಂಥಾ ರೋಗಿ ಅಷ್ಟ ನಡದಿದ್ದು ನಮ್ಮ ಕಸಬಿನ್ಯಾಗ ಸಣ್ಣ ಮಾತಲ್ಲ. ಆದ್ರ ಹೊಸಾ ಮನಿಗೆ ಹೋದ್ರ ಈಗೂ ಮೊದಲ ಭುಜ ನೋಡ್ತೀನಿ, ಆಮ್ಯಾಲೆ ಕೇಳ್ತೀನಿ: ಎಲ್ಲಿಗೆ ಹೋಗಬೇಕು ಅಂತ ಅನಸ್ತದ, ಅಲ್ಲಿ ಯಾರದಾರ, ಅವರು ಹೆಂಗದಾರ? ಗಾಲಿ ಕುರ್ಚಿ ಮನ್ಯಾಗ ಇಲ್ಲದಿದ್ರ ಮೊದಲ ಅದನ್ನ ತರಸ್ತೀನಿ. ವ್ಯಾಯಾಮ ಮರುದಿನದಿಂದ.

ಕಾಕಾನ ಮೆಟ್ಟಲಾದ ವ್ಯಾಯಾಮ ಈಗ ಶಿವಾಜಿನಗರದಾಗ ಮಾಡಸ್ತೀನಿ. ತಮ್ಮನ ಮನಿ ಹಳೇ ಬಿಲ್ಡಿಂಗು, ಮೊದಲನೇ ಮಜಲಾ, ಲಿಫ್ಟ್ ಇಲ್ಲ. ಪ್ರತಿ ಗುರುವಾರ ಮಗ ಕೆಳಗ ಬಿಟ್ಟು ಹೋಗ್ತಾನ. ಕಾಕಾ ಕಟಾಂಜನ ಹಿಡದು ಒಂದೊಂದ ಮೆಟ್ಟಲಾ ಹತ್ತತಾರ, ನಾ ಹಿಂದ. ಬಾಗಲಾ ತಗದ ಕೂಡಲೆ ತಮ್ಮ ಕೇಳೂದು ಒಂದ ಮಾತು.

"ಅಣ್ಣಾ, ಯಾವಾಗ ಬಂದಿ? ಇಷ್ಟ ದಿನಾ ಯಾಕ ಬರಲಿಲ್ಲೋ?"

"ತಪ್ಪಾತೋ ತಮ್ಮಾ."

"ಇರ್ಲಿ ಬಿಡು. ಬಂದಿಯಲ್ಲ. ಒಳಗ ಬಾ."

ಪ್ರತಿ ಗುರುವಾರ ಹಿಂಗ. ಹೋದ ವಾರ ಬಂದಿದ್ದು ಅವರಿಗೆ ನೆನಪಿರೂದಿಲ್ಲ, ಹಿಂಗಾಗಿ ಪ್ರತಿ ವಾರ ಹೊಸದಾಗಿ ಕೇಳ್ತಾರ, ಹೊಸದಾಗಿ ಬಿಟ್ಟುಕೊಡ್ತಾರ. ತಮ್ಮನ ಹೆಂಡತಿ ಚಹಾ ಇಡ್ತಾರ. ಮದುವಿ ಮಾತು ಯಾರೂ ತಗಿಯೂದಿಲ್ಲ. ಗ್ವಾಡಿ ಮ್ಯಾಲೆ ಆ ಹುಡುಗಿ, ಆಕಿ ಗಂಡ, ಎರಡು ಮಕ್ಕಳ ಫೋಟೋ ಅದ. ಕಾಕಾ ಅದರ ಎದುರಿನ ಕುರ್ಚಿ ಮ್ಯಾಲೇ ಕೂಡತಾರ.

ಹೋದ ಗುರುವಾರ ಕೆಳಗ ಇಳಿಯೂವಾಗ ನಡುವ ನಿಂತ್ರು. ದಣದಾರೇನೋ ಅಂತ ನಾ ಸೊಂಟದ ಪಟ್ಟಿ ಬಿಗಿ ಹಿಡಕೊಂಡೆ.

"ಮಾಸ್ತರಬಾಯಿ, ಅಂವಾ ಪ್ರತಿ ಸಲ ಇರ್ಲಿ ಬಿಡು ಅಂತಾನಲ್ಲ. ಅದು ನಾ ಬರದ ಇದ್ದದ್ದಕ್ಕ ಅಷ್ಟ. ಆ ತಕರಾರಿಗೂ ಸಲ್ಲತದೇನು?"

ಸಲ್ಲತದಂತ ಹೇಳಬೇಕು ಅಂತ ನಾಲಿಗಿ ತುದಿ ತನಕಾ ಬಂದಿತ್ತು. ಒಮ್ಮೆ ನನ್ನ ಮಾತು ಕೇಳಿ ಈ ಮನಶ್ಯಾ ತಡಮಾಡ್ಯಾನ ಅನ್ನೂದು ನೆನಪಾಗಿ ಸುಮ್ಮಾದೆ.

"ಕೆಟ್ಟ ಕಾಲು ಮೊದಲ, ಕಾಕಾ" ಅಂದೆ. ಅವರು ಬಲಪಾದ ಕೆಳಗಿಟ್ರು.